ಡಿಕ್ಕಿ ಸಂತೆಯಲ್ಲಿ ಸಿಕ್ಕ ಊರು

ಭಾನುವಾರ ಬೆಳಗ್ಗೆ ಆರು ಗಂಟೆಗೆ ರಾಯರು ಕಾರು ತೆಗೆದರೆ ಪದ್ದಕ್ಕನ ಎದೆ ಧಸಕ್ಕೆನ್ನುತ್ತದೆ. ಹೋಗುವುದಕ್ಕಲ್ಲ ಹೆದರಿಕೆ, ಬರುವಾಗ ಏನು ಹೊತ್ತು ತರುತ್ತಾರೋ ಅಂತ. ಊರಾಚೆಯ ಬಯಲಲ್ಲಿ ಕಾರ್ ಬೂಟ್ ಸೇಲ್ ನಡೆಯುತ್ತದೆ. ಜನ ಕಾರಿನ ಡಿಕ್ಕಿ ತೆರೆದು, ಅಟ್ಟದ ಮೇಲಿದ್ದ ಹಳೇ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ಹರಡಿಕೊಂಡು ಕೂರುತ್ತಾರೆ. ಗೌಡ್ರು ಇದಕ್ಕೆ ಡಿಕ್ಕಿ ಸಂತೆ ಅಂತ ಹೆಸರಿಟ್ಟು ಹತ್ತು ವರ್ಷವಾಯಿತು. ರಾಯರು ಅಲ್ಲಿಂದ ಒಮ್ಮೆ ಮುಳ್ಳಿಲ್ಲದ ಗಡಿಯಾರ ತಂದಿದ್ದರು. ಇನ್ನೊಮ್ಮೆ ಯಾರದೋ ಮದುವೆ ಆಲ್ಬಮ್ ತಂದು, ಅದರಲ್ಲಿ ಮುಖ ಊದಿಸಿಕೊಂಡು ನಿಂತವರು ಹುಡುಗನ ಕಡೆಯವರೋ ಹುಡುಗಿ ಕಡೆಯವರೋ ಅಂತ ವಾರವಿಡೀ ತಲೆ ಕೆಡಿಸಿಕೊಂಡಿದ್ದರು. ಕಳೆದ ವಾರ ತಂದದ್ದು ಒಂದು ಶೂ ಡಬ್ಬದ ತುಂಬ ಹಳೇ ಪೋಸ್ಟ್‌ಕಾರ್ಡು.

"ಬೋಂಡ ಮಾಡಿಸಿದ್ದೀನಿ, ಬನ್ನಿ" ಅಂತ ಫೋನು ಬಂತು. ರಾಯರ ಮನೆ ಬೋಂಡಕ್ಕೆ ಚಟ್ನಿ ಇಲ್ಲದಿದ್ದರೂ ಉಪನ್ಯಾಸ ಇದ್ದೇ ಇರುತ್ತದೆ. ಹೊರಗೆ ಜಿಟಿಜಿಟಿ ಮಳೆ. ಟಿವಿಯಲ್ಲಿ ಏನೂ ಇಲ್ಲ. ಹೋದೆವು.

ನಾವಿರುವ ಊರು ರೆಡಿಂಗ್. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಲ್ಲಿ ಅರ್ಧ ಗಂಟೆ. ಬೋರ್ಡಿನಲ್ಲಿ ನೋಡಿದರೆ ರೀಡಿಂಗ್, ಬಾಯಲ್ಲಿ ಹೇಳಿದರೆ ರೆಡಿಂಗ್. ಬರೆದ ಹಾಗೆ ಓದುವ ಕನ್ನಡದವರಿಗೆ ಇದೊಂದು ಶಿಕ್ಷೆ. ನಾನು ಬಂದ ಹೊಸದರಲ್ಲಿ ಟಿಕೆಟ್ ಕೌಂಟರಿನಲ್ಲಿ "ಒಂದು ರೀಡಿಂಗ್ ಕೊಡಿ" ಅಂತ ಕೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿವರೆಗೆ ಒಂದು ಸಲ ಓದಿ ಟಿಕೆಟ್ ಕೊಟ್ಟ.

ಅವತ್ತು ಸೇರಿದ್ದು ಐದು ಜನ. ಮನೆ ಯಜಮಾನರು ರಾಯರು, ಬಸವನಗುಡಿಯವರು. ಪದ್ದಕ್ಕ. ಮಂಡ್ಯದ ಗೌಡ್ರು. ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಬಂದು ಮೂರು ತಿಂಗಳಾದ ಕಿಟ್ಟಿ. ಮತ್ತೆ ನಾನು.

"ಯಾರದೋ ಅಜ್ಜಿ ಯಾರಿಗೋ ಬರೆದ ಕಾಗದ ದುಡ್ಡು ಕೊಟ್ಟು ತಂದಿದ್ದೀರಲ್ಲ, ನಮ್ಮಮ್ಮ ನನಗೆ ಬರೆದ ಕಾಗದ ಎಲ್ಲಿಟ್ಟಿದ್ದೀರಿ ಹೇಳಿ ನೋಡೋಣ" ಅಂತ ಪದ್ದಕ್ಕ ಬೋಂಡದ ತಟ್ಟೆ ಟಕ್ಕನೆ ಇಟ್ಟರು.

ರಾಯರಿಗೆ ಕೇಳಿಸಲಿಲ್ಲ. ಇಂಥವು ಅವರಿಗೆ ಕೇಳಿಸುವುದಿಲ್ಲ. ಭೂತಗನ್ನಡಿ ಹಿಡಿದು ಒಂದು ಕಾರ್ಡಿನ ಮೇಲೆ ಬಾಗಿದ್ದರು. ನಮ್ಮೂರಿನ ಬ್ರಾಡ್ ಸ್ಟ್ರೀಟ್. ಅಗಲ ರಸ್ತೆ, ಎರಡೂ ಕಡೆ ಅಂಗಡಿಗಳ ಸಾಲು, ಮಧ್ಯೆ ಒಂದು ಟ್ರಾಮು, ಒಂದು ಕುದುರೆಗಾಡಿ, ಟೋಪಿಯಿಲ್ಲದ ಒಬ್ಬನೇ ಒಬ್ಬ ಮನುಷ್ಯನೂ ಇಲ್ಲ.

"ಇದು ಯಾವ ಕಾಲದ್ದು ಅಂತ ಕಂಡುಹಿಡಿಯೋದು ಹೇಗೆ, ಹೇಳಿ ನೋಡೋಣ" ಅಂದರು. ನಾವು ಬಾಯಲ್ಲಿ ಬೋಂಡ ಇದ್ದದ್ದರಿಂದ ಸುಮ್ಮನಿದ್ದೆವು. ಅವರೇ ಶುರುಮಾಡಿದರು. "ಇಲ್ಲಿ ನೋಡಿ, ರಸ್ತೆ ನಡುವೆ ಒಂದು ಪ್ರತಿಮೆ ಇದೆ. ಅದು ಜಾರ್ಜ್ ಪಾಮರ್. 1891ರಲ್ಲಿ ಇಲ್ಲಿ ನಿಲ್ಲಿಸಿದರು, 1930ರಲ್ಲಿ ಎತ್ತಿ ಪಾಮರ್ ಪಾರ್ಕಿಗೆ ಸಾಗಿಸಿದರು. ಅಂದಮೇಲೆ ಫೋಟೋ ಈ ಎರಡರ ನಡುವಿನದ್ದು. ಟ್ರಾಮಿನ ತಲೆಮೇಲೆ ತಂತಿ ಇದೆ. ಕರೆಂಟಿನ ಟ್ರಾಮು ಬಂದದ್ದು 1903ರಲ್ಲಿ, ಅದಕ್ಕೆ ಮುಂಚೆ ಕುದುರೆ ಎಳೀತಿತ್ತು. ಈಗ ಕಾರ್ಡು ತಿರುಗಿಸಿ. ಹಿಂಬದಿ ನಡುವೆ ಗೆರೆ ಇದೆ, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಈ ಪದ್ಧತಿ 1902ರಲ್ಲಿ ಬಂತು. ಸ್ಟಾಂಪು ಹಸಿರು, ಅರ್ಧ ಪೆನ್ನಿ, ಏಳನೇ ಎಡ್ವರ್ಡ್‌ನ ತಲೆ. ಅವನು ತೀರಿಕೊಂಡದ್ದು 1910. ಅಂದರೆ..."

"1906" ಅಂದರು ಗೌಡ್ರು.

ರಾಯರು ಕನ್ನಡಕದ ಮೇಲಿಂದ ನೋಡಿದರು. "ಅಷ್ಟು ಖಚಿತವಾಗಿ ಹೆಂಗೆ ಹೇಳ್ತೀರಿ?"

"ಅಂಚೆ ಮೊಹರಿನಲ್ಲಿ ಹಾಕವ್ರಲ್ಲ ಸ್ವಾಮಿ, ದಪ್ಪಕ್ಷರದಲ್ಲಿ."

ಒಂದು ಕ್ಷಣ ಮಳೆಯ ಸದ್ದು ಮಾತ್ರ ಕೇಳಿಸಿತು. ರಾಯರು ಕಾರ್ಡು ವಾಪಸ್ ಕಿತ್ತುಕೊಂಡರು.

ಒಕ್ಕಣೆ ಓದುವ ಕೆಲಸ ಕಿಟ್ಟಿಗೆ ಬಿತ್ತು. ಹಿಂದೆ ಯಾರೋ ಪ್ರೇಮಿ ಏನೋ ಬರೆದಿರುತ್ತಾನೆ ಅಂತ ನಮಗೆಲ್ಲ ಆಸೆ. ಕಿಟ್ಟಿ ಆ ಕೊಂಕು ಅಕ್ಷರ ಬಿಡಿಸಿ ಬಿಡಿಸಿ ಓದಿದ. "ನಾಲ್ಕರ ರೈಲಿಗೆ ಬರ್ತೀನಿ. ಮಳೆ. ಕೊಡೆ ತಗೊಂಡು ಬಾ." ಮುಗೀತು.

"ಇದು ವಾಟ್ಸಾಪು ಅಲ್ವಾ ಅಂಕಲ್?"

"ಅದೇ ಮತ್ತೆ! ಆಗ ಪಟ್ಟಣದಲ್ಲಿ ದಿನಕ್ಕೆ ನಾಲ್ಕಾರು ಸಲ ಟಪಾಲು ಹಂಚ್ತಿದ್ದರು. ಬೆಳಗ್ಗೆ ಡಬ್ಬಕ್ಕೆ ಹಾಕಿದರೆ ಮಧ್ಯಾಹ್ನ ತಲುಪೋದು. ಅದೂ ಅರ್ಧ ಪೆನ್ನಿಗೆ. 1918ರಲ್ಲಿ ಒಂದು ಪೆನ್ನಿ ಮಾಡಿದರು, ಅಲ್ಲಿಗೆ ಕಾರ್ಡಿನ ಭರಾಟೆ ಇಳೀತು."

"ಡೇಟಾ ಪ್ಯಾಕ್ ಏರಿಸಿಬಿಟ್ರು ಅನ್ನಿ" ಅಂದ ಕಿಟ್ಟಿ.

ನನಗೆ ಮಾತ್ರ ಆ ಕೊಡೆ ಬಿಟ್ಟು ಹೋಗಲಿಲ್ಲ. ಯಾಕಂದರೆ ಫೋಟೋದಲ್ಲಿರುವ ಪಾಮರ್ ಕೈಯಲ್ಲೂ ಕೊಡೆಯಿದೆ. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಮಡಿಸಿದ ಕೊಡೆ. ನಮ್ಮ ಕಡೆ ಪ್ರತಿಮೆ ಅಂದರೆ ಕೈಯಲ್ಲಿ ಕತ್ತಿ ಇರಬೇಕು, ಪುಸ್ತಕ ಇರಬೇಕು, ಇಲ್ಲವೆಂದರೆ ಬೆರಳು ತೋರಿಸುತ್ತಿರಬೇಕು. ಇವರು ಊರಿನ ದೊಡ್ಡ ಮನುಷ್ಯನ ಕೈಗೆ ಕೊಡೆ ಕೊಟ್ಟು ನಿಲ್ಲಿಸಿದ್ದಾರೆ. ಇಲ್ಲಿ 18 ವರ್ಷ ಇದ್ದು ಹೇಳುತ್ತಿದ್ದೇನೆ, ಇದಕ್ಕಿಂತ ನಿಜವಾದ ಪ್ರತಿಮೆ ಈ ದೇಶದಲ್ಲಿ ನಾನು ನೋಡಿಲ್ಲ.

"ಅಷ್ಟಕ್ಕೂ ಈ ಪಾಮರ ಯಾರು?" ಅಂದರು ಗೌಡ್ರು.

"ಪಾಮರ ಅಲ್ಲ ಗೌಡ್ರೇ, ಪಾಮರ್. ಬಿಸ್ಕತ್ತಿನ ಪಾಮರ್!"

ಈ ಕಥೆ ರಾಯರು ನೂರು ಸಲ ಹೇಳಿದ್ದಾರೆ. ಆದರೆ ಕಿಟ್ಟಿ ಹೊಸಬ, ಹೊಸಬರ ನೆಪದಲ್ಲಿ ಹಳಬರೂ ಕೇಳಬೇಕು. 1822ರಲ್ಲಿ ಜೋಸೆಫ್ ಹಂಟ್ಲಿ ಅನ್ನುವವರು ನಮ್ಮೂರಿನ ಲಂಡನ್ ಸ್ಟ್ರೀಟಿನಲ್ಲಿ ಸಣ್ಣದೊಂದು ಬಿಸ್ಕತ್ತಿನ ಅಂಗಡಿ ಇಟ್ಟರು. ಎದುರಿಗೆ ಕುದುರೆ ಕೋಚುಗಳು ನಿಲ್ಲುವ ಛತ್ರ. ಪ್ರಯಾಣಿಕರಿಗೆ ಮಾರಬಹುದು ಅಂತ ಲೆಕ್ಕ. ಆದರೆ ಗಾಡಿಯ ಕುಲುಕಾಟಕ್ಕೆ ಬಿಸ್ಕತ್ತೆಲ್ಲ ಪುಡಿ ಪುಡಿ. ಪುಣ್ಯಕ್ಕೆ ಅವರ ಒಬ್ಬ ಮಗನದು ಕಬ್ಬಿಣದ ಸಾಮಾನಿನ ಅಂಗಡಿ. ಅವನು ತಗಡಿನ ಡಬ್ಬ ಮಾಡಿಕೊಟ್ಟ. ಬಿಸ್ಕತ್ತಿಗಿಂತ ಡಬ್ಬ ಗಟ್ಟಿಯಾಯಿತು. 1841ರಲ್ಲಿ ಜಾರ್ಜ್ ಪಾಮರ್ ಪಾಲುದಾರರಾಗಿ ಬಂದರು, ಹಂಟ್ಲಿ ಅಂಡ್ ಪಾಮರ್ಸ್ ಆಯಿತು. 1900ರ ಹೊತ್ತಿಗೆ 5,000ಕ್ಕೂ ಹೆಚ್ಚು ಜನ ಅಲ್ಲಿ ಕೆಲಸಕ್ಕಿದ್ದರು, ಪ್ರಪಂಚದಲ್ಲೇ ದೊಡ್ಡ ಬಿಸ್ಕತ್ತಿನ ಕಾರ್ಖಾನೆ. ದಕ್ಷಿಣ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಸ್ಕಾಟ್ ಹೊತ್ತುಕೊಂಡು ಹೋದದ್ದೂ ನಮ್ಮೂರಿನ ಬಿಸ್ಕತ್ತೇ. ಊರಿನ ಫುಟ್‌ಬಾಲ್ ತಂಡವನ್ನು ಜನ ಬಿಸ್ಕತ್ತಿನವರು ಅಂತಲೇ ಕರೆಯುತ್ತಿದ್ದರು.

"ಎದುರಾಳಿ ತಂಡದವರು ಚಹಾ ತಗೊಂಡು ಬರ್ತಿದ್ರಾ?" ಅಂದರು ಗೌಡ್ರು.

"ಬಿಸ್ಕತ್ತಿನ ಡಬ್ಬದಲ್ಲಿ ಬಿಸ್ಕತ್ತು ಇದ್ದದ್ದನ್ನು ನಾನಂತೂ ನೋಡಿಲ್ಲ" ಅಂದರು ಪದ್ದಕ್ಕ. "ನಮ್ಮ ಮನೇಲಿ ಸೂಜಿ ದಾರ, ನಮ್ಮತ್ತೆ ಮನೇಲಿ ಹರಳೆಣ್ಣೆ ಬತ್ತಿ."

ಕಾರ್ಖಾನೆಯಲ್ಲಿ ಬಿಸ್ಕತ್ತು ಸುಡುವುದು 1976ಕ್ಕೆ ನಿಂತಿತು. ರಾಯರ ದೊಡ್ಡ ದುಃಖ ಅದೇ. ಇಡೀ ಊರಿಗೆ ಬಿಸ್ಕತ್ತಿನ ಪರಿಮಳ ಹಬ್ಬುತ್ತಿತ್ತಂತೆ. ಅವರು ಇಲ್ಲಿಗೆ ಬಂದದ್ದು 1998ರಲ್ಲಿ. ಅಂದರೆ ಆ ವಾಸನೆ ಅವರ ಮೂಗಿಗೆ ಒಂದು ದಿನವೂ ಬಿದ್ದದ್ದಲ್ಲ. ಆದರೂ ಅದನ್ನು ನೆನೆಸಿಕೊಂಡಾಗ ಅವರ ಕಣ್ಣು ಮುಚ್ಚುತ್ತದೆ, ಮೂಗು ಅರಳುತ್ತದೆ. ಮಲ್ಲೇಶ್ವರದ ಅಯ್ಯಂಗಾರ್ ಬೇಕರಿ ಮುಂದೆ ನಿಂತವರ ಮುಖ ಹಾಗಿರುತ್ತದೆ. ಅಲ್ಲಿಯದನ್ನು ತಂದು ಇಲ್ಲಿಗೆ ಸೇರಿಸಿಕೊಂಡಿದ್ದಾರೆ ಅಂತ ನನ್ನ ಗುಮಾನಿ.

"ವಾಸನೆ ವಿಷಯ ನನ್ನ ಹತ್ರ ಹೇಳಬೇಡಿ" ಅಂದರು ಗೌಡ್ರು. "ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ ಪಕ್ಕದಲ್ಲೇ ನಮ್ಮಜ್ಜಿ ಮನೆ. ಊರಿಗೆಲ್ಲ ಸಕ್ಕರೆ, ನಮಗೆ ಕಾಕಂಬಿ ವಾಸನೆ. ಈಗ ಯಾವನಾದ್ರೂ ಫೋಟೋ ನೋಡಿ ಆಹಾ ಸಿಹಿ ಊರು ಅಂದ್ರೆ ಬಡೀಬೇಕು ಅನ್ಸುತ್ತೆ. ಫೋಟೋದಲ್ಲಿ ವಾಸನೆ ಬರಲ್ಲ ಸ್ವಾಮಿ. ಈ ರಸ್ತೆಯಲ್ಲಿ ಎಷ್ಟು ಕುದುರೆ ಓಡಾಡ್ತಿದ್ವು, ಲದ್ದಿ ಎಲ್ಲಿ ಹೋಯ್ತು?"

ರಾಯರು ಭೂತಗನ್ನಡಿ ಹಿಡಿದು ಹುಡುಕಿದರು. ಟ್ರಾಮಿನ ಹಿಂದೆ ಕಪ್ಪಗೆ ಏನೋ ಕಂಡಿತು. "ಅದು ನೆರಳು" ಅಂದರು.

"ಇನ್ನೊಂದು ಗೊತ್ತಾ?" ಅಂತ ನಾನು ಮಧ್ಯೆ ಬಾಯಿ ಹಾಕಿದೆ. ನನಗೂ ಒಂದು ಸಂಗತಿ ಗೊತ್ತು ಅಂತ ತೋರಿಸಬೇಕಿತ್ತು. "ನಾಟಕಕಾರ ಆಸ್ಕರ್ ವೈಲ್ಡ್ 1892ರಲ್ಲಿ ಈ ಕಾರ್ಖಾನೆ ನೋಡೋಕೆ ಅತಿಥಿಯಾಗಿ ಬಂದಿದ್ದರು. 1895ರಲ್ಲಿ ಕಾರ್ಖಾನೆ ಪಕ್ಕದ ಜೈಲಿಗೆ ಕೈದಿಯಾಗಿ ಬಂದರು. ಒಂದೂವರೆ ವರ್ಷ ಇದ್ದರು."

"ಗೋಡೆ ಆಚೆ ಐದು ಸಾವಿರ ಜನ ಬಿಸ್ಕತ್ತು ಸುಡ್ತಾವ್ರೆ, ಈಚೆ ಇವನು ಗಂಜಿ ಕುಡೀತಾ ಕೂತವ್ನೆ" ಅಂದರು ಗೌಡ್ರು. "ಕಠಿಣ ಶಿಕ್ಷೆ ಅಂದ್ರೆ ಅದು ಕಣ್ರೀ." ಆಮೇಲೆ ಸ್ವಲ್ಪ ಹೊತ್ತು ಅವರು ಬೋಂಡ ಮುಟ್ಟಲಿಲ್ಲ.

ಎರಡನೇ ಸುತ್ತು ಕಾಫಿ ಬಂತು. ಡಬ್ಬದಿಂದ ಇನ್ನೊಂದು ಕಾರ್ಡು. ಫೋರ್ಬರಿ ಉದ್ಯಾನದ ಸಿಂಹ. 16 ಟನ್ ತೂಕದ ಎರಕದ ಕಬ್ಬಿಣದ ಪ್ರಾಣಿ, 1886ರಲ್ಲಿ ನಿಲ್ಲಿಸಿದ್ದು. 1880ರಲ್ಲಿ ಅಫ್ಘಾನಿಸ್ತಾನದ ಮೈವಂದದಲ್ಲಿ ನಡೆದ ಯುದ್ಧದ ನೆನಪಿಗೆ. ಈ ಜಿಲ್ಲೆಯ ರೆಜಿಮೆಂಟಿನ ಮುನ್ನೂರಕ್ಕೂ ಹೆಚ್ಚು ಜನರ ಹೆಸರು ಕೆಳಗೆ ಕೊರೆದಿದೆ. ಅದನ್ನು ಓದಿದಾಗೆಲ್ಲ, ಬಿಸ್ಕತ್ತು ತಿಂದುಕೊಂಡು ಇರಬೇಕಾದ ಹುಡುಗರಿಗೆ ಕಾಂದಹಾರದ ಬಿಸಿಲಲ್ಲಿ ಏನು ಕೆಲಸವಿತ್ತು ಅಂತ ನನಗೆ ಅನಿಸುತ್ತದೆ. ಆದರೆ ಊರವರಿಗೆ ಸಿಂಹ ಅಂದರೆ ಬೇರೆಯೇ ಕಥೆ. ಸಿಂಹ ನಡೆಯುವಾಗ ಕಾಲು ಹೀಗೆ ಇಡುವುದಿಲ್ಲ, ಶಿಲ್ಪಿಗೆ ತಪ್ಪು ಆಮೇಲೆ ಗೊತ್ತಾಯಿತು, ಮರ್ಯಾದೆಗೆ ಅಂಜಿ ಪ್ರಾಣ ಕಳೆದುಕೊಂಡ ಅಂತ.

"ಅರೆ, ಇದು ನಮ್ಮ ಜಕಣಾಚಾರಿ ಕಥೆ!" ಅಂದರು ಪದ್ದಕ್ಕ. "ಬೇಲೂರಲ್ಲಿ ಕಲ್ಲೊಳಗೆ ಕಪ್ಪೆ ಇತ್ತು, ಅದಕ್ಕೆ ಕೈ ಕತ್ತರಿಸಿಕೊಂಡ ಅಂತ ಹೇಳಲ್ವಾ?"

"ಅಲ್ಲಿ ಕಪ್ಪೆ, ಇಲ್ಲಿ ಕಾಲು" ಅಂದರು ರಾಯರು. "ಆದರೆ ಇದು ಶುದ್ಧ ಸುಳ್ಳು. ಶಿಲ್ಪಿ ಜಾರ್ಜ್ ಸೈಮಂಡ್ಸ್. ಅವರ ಮನೆತನದ್ದೇ ಇಲ್ಲಿನ ಬಿಯರ್ ಕಾರ್ಖಾನೆ. ಅವರು 1929ರವರೆಗೆ ಬದುಕಿದ್ದರು. ಈ ಕೊಡೆ ಹಿಡಿದ ಪಾಮರ್ ಪ್ರತಿಮೆ ಮಾಡಿದವರೂ ಅವರೇ, 1891ರಲ್ಲಿ."

"ಅಂಗಾದ್ರೆ ಸತ್ತು ಐದು ವರ್ಷ ಆದ್ಮೇಲೆ ಬಂದು ಕೊಡೆ ಹಿಡಿಸಿ ಹೋದ್ರಾ?" ಅಂದರು ಗೌಡ್ರು. ಇಡೀ ದಿನ ರಾಯರು ಒಪ್ಪಿಕೊಂಡ ಒಂದೇ ಗೌಡ್ರ ಮಾತು ಅದು.

ಮೂರು 'ಬಿ'ಗಳ ಊರು ಅಂತ ಇದಕ್ಕೆ ಹೆಸರಿತ್ತು. ಬಿಸ್ಕತ್ತು, ಬಿಯರು, ಬಲ್ಬು. ಬಲ್ಬು ಅಂದ ಕೂಡಲೇ ಕಿಟ್ಟಿ ತಲೆ ಎತ್ತಿ ದೀಪ ನೋಡಿದ. ಅದಲ್ಲ, ಹೂವಿನ ಗೆಡ್ಡೆ. ಸಟನ್ಸ್ ಬೀಜದ ಕಂಪನಿ 1806ರಿಂದ ಇಲ್ಲಿತ್ತು, ಕಲ್ಕತ್ತಾದಲ್ಲೂ ಶಾಖೆ ಇಟ್ಟಿತ್ತು. ಬಿಯರ್ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಒರಾಕಲ್ ಅನ್ನುವ ದೊಡ್ಡ ಮಾಲ್ ಇದೆ.

"ಹೌದು, ಹೌದು. ನಮ್ಮ ಫೀಲ್ಡಿನವರು ಎಂಥ ಮಾಲ್ ಕಟ್ಟಿಸಿದ್ದಾರೆ ಅಲ್ವಾ" ಅಂದ ಕಿಟ್ಟಿ, ಹೆಮ್ಮೆಯಿಂದ.

ನಾವು ಮುಖ ಮುಖ ನೋಡಿಕೊಂಡೆವು. ಅವನ ತಪ್ಪಲ್ಲ. ಆ ಹೆಸರಿನ ಸಾಫ್ಟ್‌ವೇರ್ ಕಂಪನಿಯ ದೊಡ್ಡ ಆಫೀಸೂ ಇದೇ ಊರಲ್ಲಿದೆ. ಮೂರು ತಿಂಗಳಿಂದ ಹುಡುಗ ಡೇಟಾಬೇಸ್ ಕಂಪನಿಯವರು ಜೋಡಿಗೆ ಚಪ್ಪಲಿ ಅಂಗಡಿಯನ್ನೂ ನಡೆಸುತ್ತಾರೆ ಅಂತ ನಂಬಿಕೊಂಡು ಅಲ್ಲಿ ಸಾಮಾನು ಕೊಳ್ಳುತ್ತಿದ್ದ. ರಾಯರು ಮೆಲ್ಲಗೆ ವಿಷಯ ಬಿಡಿಸಿದರು. ಜಾನ್ ಕೆಂಡ್ರಿಕ್ ಅಂತ ಬಟ್ಟೆ ವ್ಯಾಪಾರಿ, 1624ರಲ್ಲಿ ತೀರಿಕೊಂಡವರು, ಊರಿನ ಬಡವರಿಗೆ ಕೆಲಸ ಸಿಗುವಂಥ ಒಂದು ಮನೆ ಕಟ್ಟಲಿ ಅಂತ 7,500 ಪೌಂಡು ಬರೆದಿಟ್ಟರು. ಆ ಮನೆಯ ಹೆಸರು ಒರಾಕಲ್. 1999ರಲ್ಲಿ ಮಾಲ್ ಬಂದಾಗ ಅದೇ ಹೆಸರು ಅಂಟಿತು.

"ಬಡವರನ್ನ ಕೂರಿಸಿ ದುಡಿಸೋ ಮನೆ" ಅಂದ ಕಿಟ್ಟಿ ನಿಧಾನವಾಗಿ. "ನಮ್ಮ ಫೀಲ್ಡೇ ಆಯ್ತಲ್ಲ ಅಂಕಲ್."

ಹುಡುಗ ಮುಂದೆ ಬರುತ್ತಾನೆ.

ಇಷ್ಟಾದರೂ ರಾಯರ ಪರಮ ಗುಟ್ಟು ಹೊರಬಿದ್ದಿರಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು, ದನಿ ತಗ್ಗಿಸಿ, "ಹಳೇ ಫೋಟೋಗೂ ಈ ಊರಿಗೂ ಇರೋ ಸಂಬಂಧ ನಿಮಗೆ ಗೊತ್ತಿಲ್ಲ" ಅಂದರು. ಇಲ್ಲಿನ ಬೇಕರ್ ಸ್ಟ್ರೀಟಿನಲ್ಲಿ, 1844ರಿಂದ 1847ರವರೆಗೆ, ಫೋಟೋಗಳನ್ನು ರಾಶಿ ರಾಶಿಯಾಗಿ ಅಚ್ಚು ಹಾಕುವ ಕಾರ್ಖಾನೆ ಇತ್ತು. ಕಾಗದದ ಮೇಲೆ ನೆಗೆಟಿವ್ ಮಾಡುವುದನ್ನು ಕಂಡುಹಿಡಿದ ಫಾಕ್ಸ್ ಟಾಲ್ಬಟ್ ಅವರ ಹಳೇ ಸೇವಕ ಹೆನ್ನೆಮನ್ ಇದನ್ನು ನಡೆಸುತ್ತಿದ್ದ. ಟಾಲ್ಬಟ್ ಇದ್ದದ್ದು ವಿಲ್ಟ್‌ಶೈರಿನ ಲೇಕಾಕ್ ಹಳ್ಳಿಯಲ್ಲಿ. ಲೇಕಾಕಿಗೂ ಲಂಡನ್ನಿಗೂ ನಡುವೆ, ಹೊಸ ರೈಲುದಾರಿಯ ಮೇಲೆ ನಮ್ಮೂರು ಬಿತ್ತು. ಫೋಟೋ ಅಂಟಿಸಿ ಮಾರಾಟಕ್ಕೆ ಬಿಟ್ಟ ಮೊದಲ ಪುಸ್ತಕದ ಚಿತ್ರಗಳು ಇಲ್ಲೇ ತಯಾರಾದವು.

"ಆಗ ಅಚ್ಚು ಹೆಂಗೆ ಹಾಕ್ತಿದ್ದರು ಹೇಳಿ? ಉಪ್ಪು, ಬೆಳ್ಳಿ ದ್ರಾವಣ ಸವರಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಗಾಜು ಮುಚ್ಚಿ, ಬಿಸಿಲಿಗೆ ಇಡೋದು."

"ಎಲ್ಲಿ? ಈ ಊರಲ್ಲಿ?" ಪದ್ದಕ್ಕ ಕಿಟಕಿ ಕಡೆ ನೋಡಿದರು. ಮಳೆ ಇನ್ನೂ ಜೋರಾಗಿತ್ತು. "ನಾನು 27 ವರ್ಷದಿಂದ ಒಂದು ತಟ್ಟೆ ಸಂಡಿಗೆ ಒಣಗಿಸೋಕೆ ಆಗಿಲ್ಲ. ಇಟ್ಟ ಹತ್ತು ನಿಮಿಷಕ್ಕೆ ಓಡಿಹೋಗಿ ಒಳಗೆ ತರಬೇಕು. ಅವನು ಸಾವಿರಾರು ಫೋಟೋ ಒಣಗಿಸಿದನಾ?"

"ಅದಕ್ಕೇ ಮೂರು ವರ್ಷಕ್ಕೆ ಅಂಗಡಿ ಎತ್ತಿ ಲಂಡನ್ನಿಗೆ ಹೋದ."

"ಆಂಧ್ರಕ್ಕೆ ಹೋಗಬೇಕಿತ್ತು" ಅಂದರು ಗೌಡ್ರು.

ಲೇಕಾಕಿಗೆ ನಾವೆಲ್ಲ ಒಮ್ಮೆ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಟಾಲ್ಬಟ್ ಅಲ್ಲಿ 1835ರಲ್ಲಿ ಸಣ್ಣ ಸಣ್ಣ ಮರದ ಪೆಟ್ಟಿಗೆಗಳನ್ನು ಮನೆ ಸುತ್ತ ಇಡುತ್ತಿದ್ದರು. ಒಳಗೊಂದು ಕಾಗದ, ಮುಂದೊಂದು ಲೆನ್ಸು. ಅವರ ಹೆಂಡತಿ ಕಾನ್ಸ್ಟೆನ್ಸ್ ಇವಕ್ಕೆ ಇಲಿಬೋನು ಅನ್ನುತ್ತಿದ್ದರು. ಪ್ರಪಂಚದ ಮೊದಮೊದಲ ಕ್ಯಾಮೆರಾಗಳಲ್ಲಿ ಕೆಲವುದರ ಬಗ್ಗೆ ಮನೆಯವರ ಅಭಿಪ್ರಾಯ ಅಷ್ಟೇ. ಪದ್ದಕ್ಕನಿಗೆ ಆ ಹೆಂಗಸನ್ನು ಕಂಡರೆ ತುಂಬ ಗೌರವ. ಅಲ್ಲಿನ ಒಂದು ಕಿಟಕಿಯ ನೆಗೆಟಿವ್ ಉಳಿದುಕೊಂಡಿದೆ, ಅಂಚೆಚೀಟಿಗಿಂತ ಚೂರು ದೊಡ್ಡದು. ಕಿಟಕಿಯ ಸುಮಾರು 200 ಗಾಜುಗಳನ್ನು ಭೂತಗನ್ನಡಿಯಲ್ಲಿ ಎಣಿಸಬಹುದು ಅಂತ ಟಾಲ್ಬಟ್ ಬರೆದುಕೊಂಡಿದ್ದರು. ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮೊದಲ ಮನೆ ನಮ್ಮದು ಅಂತಲೂ ಹೇಳಿಕೊಂಡರು. ಹಳ್ಳಿಯನ್ನು 1944ರಲ್ಲಿ, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಕೊಟ್ಟುಬಿಟ್ಟದ್ದರಿಂದ ಅದು ಹಳೇ ಫೋಟೋದ ಹಾಗೇ ನಿಂತಿದೆ. ಕಾರುಗಳನ್ನು ಮರೆತರೆ ಹಳೇ ಕಾರ್ಡಿನೊಳಗೇ ನಡೆದಾಡಿದ ಹಾಗೆ.

ಆ ಪ್ರವಾಸದಲ್ಲಿ ಗೌಡ್ರಿಗೆ ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ಒಂದು ಗಾಯವಾಗಿದೆ. ದಾರಿಯಲ್ಲಿ ಹುಲ್ಲು ಹೊದಿಸಿದ ಒಂದು ಮನೆ ಮಾರಾಟಕ್ಕಿತ್ತು. ಮೋಟು ಬಾಗಿಲು, ಸೊಟ್ಟ ಗೋಡೆ. ಬೆಲೆ ಕೇಳಿ ಬಂದವರು ಕಾರಿನಲ್ಲಿ ಒಂದು ಗಂಟೆ ಮಾತಾಡಲಿಲ್ಲ. "ನಮ್ಮಜ್ಜ ಕಬ್ಬಿನ ಸೋಗೆ ಹೊದಿಸಿದ ಗುಡಿಸಲಲ್ಲಿದ್ದರು. ಮಳೆಗಾಲದಲ್ಲಿ ಪಾತ್ರೆ ಇಟ್ಕೊಂಡು ಮಲಗ್ತಿದ್ದರು. ಹೆಂಚು ಹಾಕಿಸಬೇಕು ಅಂತ ಅಪ್ಪ ಸಾಲ ಮಾಡಿ ಸೋತು ಸುಣ್ಣ ಆದ. ಇಲ್ಲಿ ಹೆಂಚಿಗಿಂತ ಹುಲ್ಲಿಗೆ ಜಾಸ್ತಿ ದುಡ್ಡು, ಮೇಲಿಂದ ವಿಮೆಯೂ ಜಾಸ್ತಿ. ಅವತ್ತು ಅಪ್ಪನಿಗೆ ಯಾರಾದ್ರೂ ಹೇಳಿದ್ದರೆ ಸುಮ್ನೆ ಕೂತಿರ್ತಿದ್ದ." ಹಳೇ ಹಳ್ಳಿಯ ಫೋಟೋ ಬಂದಾಗೆಲ್ಲ ಗೌಡ್ರು ಮೊದಲು ನೋಡುವುದು ಸೂರು. ಹುಲ್ಲು ಕಂಡರೆ ಪಕ್ಕಕ್ಕಿಡುತ್ತಾರೆ.

ಡಬ್ಬದಲ್ಲಿ ಅಂಥದೊಂದು ಹಳ್ಳಿಯ ಬೀದಿಯೂ ಇತ್ತು. ಇಗರ್ಜಿ, ಕೊಳ, ಎರಡು ಬಾತುಕೋಳಿ. ಒಂದು ನರಪಿಳ್ಳೆಯೂ ಇಲ್ಲ. "ಎಂಥ ಶಾಂತಿ!" ಅಂದರು ರಾಯರು. ಫ್ರಾನ್ಸಿಸ್ ಫ್ರಿತ್ ಅನ್ನುವವರು ಇಂಥ ಫೋಟೋಗಳ ದೊಡ್ಡ ಸಾಹುಕಾರ. ಲಿವರ್‌ಪೂಲಿನಲ್ಲಿ ಸಗಟು ದಿನಸಿ ವ್ಯಾಪಾರ ಮಾಡುತ್ತಿದ್ದವರು. ಅದನ್ನು ಮಾರಿ, ಈಜಿಪ್ಟಿಗೆ ಹೋಗಿ ಪಿರಮಿಡ್ಡಿನ ಫೋಟೋ ತೆಗೆದು, 1860ರ ಸುಮಾರಿಗೆ ಸರ್ರೆಯ ರೈಗೇಟಿನಲ್ಲಿ ಕಂಪನಿ ಶುರು ಮಾಡಿದರು. ಬ್ರಿಟನ್ನಿನ ಪ್ರತಿ ಊರಿನ, ಪ್ರತಿ ಹಳ್ಳಿಯ ಫೋಟೋ ತೆಗೆಸಬೇಕು ಅನ್ನುವ ಹಟ. ಅವರು 1898ರಲ್ಲಿ ತೀರಿಕೊಂಡರೂ ಕಂಪನಿ 1970ರ ಸುಮಾರಿನವರೆಗೆ ನಡೆಯಿತು, 7,000 ಊರುಗಳ ಚಿತ್ರ ಸೇರಿತು. ದಿನಸಿ ಅಂಗಡಿಯವರ ಕೈಗೆ ಕ್ಯಾಮೆರಾ ಬಂದರೆ ಹೀಗೆಯೇ. ಒಂದು ಸಾಮಾನೂ ಪಟ್ಟಿಯಿಂದ ಬಿಟ್ಟುಹೋಗಬಾರದು.

"ಆದರೆ ಶಾಂತಿ ಇತ್ತು ಅಂತ ಹೇಗೆ ಹೇಳ್ತೀರಿ ರಾಯರೇ?" ಅಂದೆ ನಾನು. "ಆ ಕಾಲದ ಗಾಜಿನ ಪ್ಲೇಟಿಗೆ ಚಿತ್ರ ಮೂಡೋಕೆ ಎಷ್ಟೋ ಸೆಕೆಂಡು ಬೇಕಿತ್ತು. ಅಲ್ಲಾಡಿದವರು ಮೂಡ್ತಾನೇ ಇರಲಿಲ್ಲ. ನಡೆದು ಹೋದವರು ಹೊಗೆ ಥರ ಆಗ್ತಿದ್ದರು, ಓಡಿದವರು ಮಾಯ. ಈ ಬೀದಿಯಲ್ಲಿ ಆಗ ಜಾತ್ರೆ ನಡೀತಿತ್ತೋ ಏನೋ."

ಕಿಟ್ಟಿ ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿದ. ಕೊಳದ ದಂಡೆಯಲ್ಲಿ ನಿಜಕ್ಕೂ ಒಂದು ಮಬ್ಬು ಕಲೆಯಿತ್ತು. ಕಾಲಿನ ಹತ್ತಿರ ಗಟ್ಟಿ, ಮೇಲೆ ಹೋದ ಹಾಗೆ ತೆಳು. ಯಾರೋ ನಿಂತು, ಬೇಜಾರಾಗಿ ಹೊರಟು ಹೋಗಿದ್ದರು.

"ಹಾಗಾದರೆ ಫೋಟೋದಲ್ಲಿ ಸಿಕ್ಕವರೆಲ್ಲ ಸೋಮಾರಿಗಳು" ಅಂದರು ಪದ್ದಕ್ಕ. "ಕೆಲಸ ಮಾಡ್ತಿದ್ದವರು ಒಬ್ಬರೂ ಬಿದ್ದಿಲ್ಲ. ನೋಡಿ, ಒಬ್ಬ ಹೆಂಗಸಾದರೂ ಇದ್ದಾಳಾ?"

"ಏನೇ ಆದರೂ ಫೋಟೋ ಸುಳ್ಳು ಹೇಳಲ್ಲ" ಅಂತ ರಾಯರು ಗೊಣಗಿದರು.

"ಮ್ಯೂಸಿಯಮ್ಮಿನ ಚಡ್ಡಿ ಮರೆತ್ರಾ?" ಅಂದರು ಗೌಡ್ರು.

ಇದನ್ನು ಕಿಟ್ಟಿಗೆ ಬಿಡಿಸಿ ಹೇಳಬೇಕಾಯಿತು. ನಮ್ಮೂರಿನ ಮ್ಯೂಸಿಯಮ್ಮಿನಲ್ಲಿ ಬಾಯೂ ಕಸೂತಿಯ ನಕಲು ಇದೆ. 1066ರ ನಾರ್ಮನ್ ದಾಳಿಯ ಕಥೆ ಹೇಳುವ, ಸುಮಾರು 70 ಮೀಟರ್ ಉದ್ದದ ಪಟ್ಟಿ. ಅಸಲಿಯದು ಫ್ರಾನ್ಸಿನದು. ಲೀಕ್ ಅನ್ನುವ ಊರಿನ ಹೆಂಗಸರು, 30ಕ್ಕೂ ಹೆಚ್ಚು ಜನ ಸೇರಿ, 1885ರಲ್ಲಿ ಶುರುಮಾಡಿ 1886ಕ್ಕೆ ನಕಲು ಹೊಲಿದು ಮುಗಿಸಿದರು. 1895ರಲ್ಲಿ ಅದು ನಮ್ಮೂರಿಗೆ ಬಂತು. ಅಸಲಿಯ ಅಂಚಿನಲ್ಲಿ ಅಲ್ಲಲ್ಲಿ ಬತ್ತಲೆ ಗಂಡಸರಿದ್ದಾರೆ. ನಕಲಿನಲ್ಲಿ ಅವರಿಗೆಲ್ಲ ಚಡ್ಡಿ ಬಂದಿದೆ. ಹೊಲಿದ ಹೆಂಗಸರಿಗೆ ನಾಚಿಕೆ ಅಂತ ಜನ ನಗುತ್ತಾರೆ. ಆದರೆ ಹೆಂಗಸರು ಹೊಲಿದದ್ದು ಲಂಡನ್ನಿನಿಂದ ಬಂದ ಫೋಟೋ ನೋಡಿಕೊಂಡು. ಚಡ್ಡಿ ತೊಡಿಸಿದ ಕೈಚಳಕ ಆ ಫೋಟೋಗಳ ಮೇಲೇ ನಡೆದಿತ್ತು.

"ಆಗಲೇ ಫಿಲ್ಟರ್ ಇತ್ತಾ!" ಅಂದ ಕಿಟ್ಟಿ.

ರಾಯರು ಉತ್ತರ ಕೊಡುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆ ಅಜ್ಜಿ. ಎಂಬತ್ತು ದಾಟಿದೆ. ಪದ್ದಕ್ಕ ಬೇಲಿಯ ಮೇಲಿಂದ ದಾಟಿಸುವ ಕೋಡುಬಳೆಯ ರುಚಿ ಹತ್ತಿದೆ. ಖಾಲಿ ಡಬ್ಬ ವಾಪಸ್ ಕೊಡಲು ಬಂದಿದ್ದರು. ಖಾಲಿ ಡಬ್ಬ ವಾಪಸ್ ಕೊಡುವುದೆಂದರೆ ಏನು ಅಂತ ಎಲ್ಲ ದೇಶದ ಹೆಂಗಸರಿಗೂ ಗೊತ್ತು.

ರಾಯರ ಮುಖ ಬೆಳಗಿತು. ಅಜ್ಜಿ ಹದಿನೈದನೇ ವಯಸ್ಸಿಗೇ ಬಿಸ್ಕತ್ತಿನ ಕಾರ್ಖಾನೆ ಸೇರಿದವರು. ಸಾಕ್ಷಾತ್ ಸಾಕ್ಷಿ! ಕುರ್ಚಿ ಎಳೆದು ಕೂರಿಸಿ, 1906ರ ಕಾರ್ಡನ್ನು ಎರಡು ಕೈಯಲ್ಲಿ ಪ್ರಸಾದದ ಹಾಗೆ ಕೊಟ್ಟರು. "ನೋಡಿ, ನಿಮ್ಮ ಕಾಲದ ಬ್ರಾಡ್ ಸ್ಟ್ರೀಟ್."

ಅಜ್ಜಿ ನೋಡಿದರು. "ನನ್ನ ಕಾಲದ್ದಲ್ಲ ಮಿಸ್ಟರ್ ರಾವ್, ನಮ್ಮಜ್ಜಿ ಕಾಲದ್ದು. ನಾನು ಅಷ್ಟು ಹಳಬಳಾಗಿ ಕಾಣ್ತೀನಾ?"

ಪದ್ದಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಹೋದರು.

"ಅದಿರಲಿ, ಬಿಸ್ಕತ್ತಿನ ಪರಿಮಳ ಹೇಗಿತ್ತು?" ಅಂತ ರಾಯರು ಬಿಡಲಿಲ್ಲ. ಮೂಗು ಆಗಲೇ ಅರಳಿತ್ತು.

"ನಮಗೆ ಎಲ್ಲಿ ಗೊತ್ತಾಗುತ್ತೆ? ಒಳಗಿದ್ದವರಿಗೆ ಅದು ಗಾಳಿ ಇದ್ದ ಹಾಗೆ. ಶನಿವಾರ ಡಾನ್ಸಿಗೆ ಹೋದರೆ ಹುಡುಗರು ಹತ್ತಿರ ಬಂದು ಕೂದಲು ಮೂಸಿ, ಈ ವಾರ ನಿನ್ನದು ಶುಂಠಿ ಬಿಸ್ಕತ್ತು ಅನ್ನೋರು. ಎಷ್ಟು ಸೆಂಟು ಹಾಕಿಕೊಂಡರೂ ಹೋಗ್ತಿರಲಿಲ್ಲ." ಇಷ್ಟು ಹೇಳಿ ಅಜ್ಜಿ ಟೇಬಲ್ಲಿನ ಮೂಲೆಗೆ ಕೈ ಚಾಚಿದರು.

ಆ ಮೂಲೆಯಲ್ಲಿ ರಾಯರು ಬೇಡದ ಕಾರ್ಡುಗಳನ್ನು ಗುಡ್ಡೆ ಹಾಕಿದ್ದರು. 1960ರ ಈಚಿನವು, ಬಣ್ಣದವು. ಆಕಾಶ ಬಾಟಲಿ ನೀಲಿ, ಹುಲ್ಲು ಗಿಳಿ ಹಸಿರು. ಅವರ ಪ್ರಕಾರ ಅವು ಹಳೆಯವೇ ಅಲ್ಲ. ಅಜ್ಜಿ ಒಂದನ್ನು ಎತ್ತಿ ಕಿಟಕಿ ಬೆಳಕಿಗೆ ಹಿಡಿದರು. ಅದೇ ರಸ್ತೆ, ಪ್ರತಿಮೆ ಇಲ್ಲ. ನಡುವೆ ಒಂದು ಡಬಲ್ ಡೆಕ್ಕರ್ ಬಸ್ಸು, ಅದರ ತಲೆಯಿಂದ ತಂತಿಗೆ ಎರಡು ಉದ್ದ ಕೋಲು.

"ಟ್ರಾಲಿಬಸ್ಸು" ಅಂದರು. "ಹದಿನೇಳನೇ ನಂಬರು."

ಗೌಡ್ರು ಕೂತಲ್ಲೇ ನೆಟ್ಟಗಾದರು. "ಹದಿನೇಳಾ? ನಾನೂ ದಿನಾ ಹದಿನೇಳಕ್ಕೇ ಹೋಗೋದು!"

"ಟೈಲ್‌ಹರ್ಸ್ಟಿಗೆ?"

"ಟೈಲ್‌ಹರ್ಸ್ಟಿಗೇ!"

ಆಮೇಲೆ ನಾವೆಲ್ಲ ಆ ಕೋಣೆಯಲ್ಲಿ ಇದ್ದೂ ಇಲ್ಲದಂತಾದೆವು. ಟ್ರಾಲಿಬಸ್ಸು 1936ರಿಂದ 1968ರವರೆಗೆ ಓಡಿದ್ದು ಅಂತ ರಾಯರು ಎರಡು ಸಲ ಹೇಳಿದರು, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ಸು ಸದ್ದೇ ಇಲ್ಲದೆ ಬರುತ್ತಿತ್ತಂತೆ, ಹಿಂದೆ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ತಿರುವಿನಲ್ಲಿ ಕೆಲವು ಸಲ ಕೋಲು ತಂತಿಯಿಂದ ತಪ್ಪಿ ಗಾಳಿಯಲ್ಲಿ ಆಡುತ್ತಿತ್ತು. ಬಸ್ಸು ಅಲ್ಲೇ ಠಪ್. ಆಗ ಕಂಡಕ್ಟರು ಇಳಿದು, ಬಸ್ಸಿನ ಹೊಟ್ಟೆಯಡಿಯಿಂದ ಉದ್ದನೆಯ ಬಿದಿರು ಗಳು ಎಳೆದು, ತುದಿಯ ಕೊಕ್ಕೆಯಿಂದ ಅದನ್ನು ಹಿಡಿದು ಮತ್ತೆ ತಂತಿಗೆ ಸಿಕ್ಕಿಸಬೇಕು. ಮಳೆಯಲ್ಲಿ, ಕತ್ತೆತ್ತಿಕೊಂಡು, ಮುಖಕ್ಕೆ ನೀರು ಬೀಳುತ್ತಿರುವಾಗ. ಮೇಲಿನ ಅಂತಸ್ತಿನಲ್ಲಿ ಕೂತ ಹುಡುಗಿಯರು ಕಿಟಕಿಯಿಂದ ಬಗ್ಗಿ, ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ಬಲಕ್ಕೆ ಅಂತ ಬೇಕೆಂದೇ ದಾರಿ ತಪ್ಪಿಸುತ್ತಿದ್ದರಂತೆ.

"ತೆಂಗಿನಕಾಯಿ ಕೀಳ್ದಂಗೆ" ಅಂದರು ಗೌಡ್ರು ಕನ್ನಡದಲ್ಲಿ. ಅಜ್ಜಿ ಅರ್ಥವಾದವರ ಹಾಗೆ ತಲೆಯಾಡಿಸಿದರು.

ರಾಯರು ಆ ಕಾರ್ಡನ್ನು ಮೆಲ್ಲಗೆ ಬೇಡದ ಗುಡ್ಡೆಯಿಂದ ಬೇಕಾದ ಗುಡ್ಡೆಗೆ ಸರಿಸಲು ಹೋದರು. ಅಜ್ಜಿ ಅಷ್ಟರಲ್ಲಿ ಅದನ್ನು ಕೈಚೀಲಕ್ಕೆ ಹಾಕಿಕೊಂಡಾಗಿತ್ತು.

ಪದ್ದಕ್ಕ ಡಬ್ಬ ತುಂಬಿಸಿ ತಂದರು. ಅಜ್ಜಿ ಮುಚ್ಚಳ ತೆಗೆದು ನೋಡಿ, ಇಡೀ ಕೋಡುಬಳೆಗಳನ್ನು ಒಂದೊಂದೇ ಎತ್ತಿ ತಟ್ಟೆಗೆ ವಾಪಸ್ ಇಟ್ಟರು. "ಮುರಿದದ್ದು ಇಲ್ವಾ? ಕಾರ್ಖಾನೆಯಿಂದ ಮನೆಗೆ ಬರ್ತಿದ್ದದ್ದು ಮುರಿದ ಬಿಸ್ಕತ್ತಿನ ಚೀಲ. ಎಲ್ಲ ಥರದ್ದೂ ಕಲಸಿರೋದು. ಕೈ ಹಾಕಿದರೆ ಏನು ಸಿಗುತ್ತೆ ಅಂತ ಗೊತ್ತಿರಲಿಲ್ಲ. ಇಡೀದು ತಿಂದು ನನಗೆ ಅಭ್ಯಾಸ ಇಲ್ಲ."

ಪದ್ದಕ್ಕ ಒಂದು ಕ್ಷಣ ನೋಡಿದರು. ಆಮೇಲೆ ತಟ್ಟೆಯಲ್ಲಿದ್ದ ಕೋಡುಬಳೆಗಳನ್ನು ಅಲ್ಲೇ ಟೇಬಲ್ಲಿನ ಮೇಲೆ ಹಾಕಿಕೊಂಡು ಪಟಪಟ ಮುರಿಯತೊಡಗಿದರು. ಗೌಡ್ರೂ ಕೈ ಹಚ್ಚಿದರು. "ಒಂಚೂರು ಬೋಂಡಾನೂ ಮುರಿದು ಹಾಕಿ" ಅಂದರು.